ಮೊದಲು ಪ್ಲಗ್ ನೋಡಿ, ಆಮೇಲೆ ಮಷಿನ್

‘ಅಕ್ಕಾ, ಮನೀಗೊಂದು ವೆಲ್ಡಿಂಗ್ ಮಷಿನ್ ತಗೋಬೇಕಂತ ಮಾಡೀನಿ. ಬಜೆಟ್ ಹತ್ತು ಸಾವಿರ. ಯಾವುದು ತಗೊಳ್ಳಲಿ?’

ಬಬಲೇಶ್ವರದಲ್ಲಿರುವ ನನ್ನ ಸೋದರತ್ತೆಯ ಮಗ ಹೋದ ವಾರ ವಾಟ್ಸಾಪಿನಲ್ಲಿ ಹಾಕಿದ ಪ್ರಶ್ನೆ. ಜೊತೆಗೆ ಮೂರು ಮಷಿನ್‌ಗಳ ಸ್ಕ್ರೀನ್‌ಶಾಟ್. ಒಂದು 200 ಆಂಪ್ಸ್, ಒಂದು 250, ಇನ್ನೊಂದು 300. ಬೆಲೆಯಲ್ಲಿ ಅಂಥ ಫರಕಿಲ್ಲ. ಅದೇ ರೊಕ್ಕಕ್ಕೆ 300 ಸಿಗುತ್ತೆ ಅಂದಮೇಲೆ 200 ಯಾಕೆ ತಗೋಬೇಕು ಅನ್ನೋದು ಅವನ ಲೆಕ್ಕ.

ಎರಡು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ. ಅದರ ಬೆಲೆ ಕೊಟ್ಟವರು ಅಪ್ಪ.

ನಾನು ವಿಜಯಪುರದ ಜಲನಗರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವಳು. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಅಂದರೆ ಬೇರೆಯವರು ‘ಸರಿ ಇದೆ’ ಅಂದದ್ದನ್ನು ನಂಬದೆ ಕೆಡವಿ ನೋಡೋದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ಅಪ್ಪನಿಗೆ ತಿಕೋಟಾ ದಾಟಿದ ಮೇಲೆ ಎರಡು ಎಕರೆ ದ್ರಾಕ್ಷಿ ತೋಟ. ದಿನಾ ಅಥಣಿ ರಸ್ತೆಯಲ್ಲಿ ಹಳೆಯ ಮೊಪೆಡ್ ಮೇಲೆ ಹೋಗಿ ಬರ್ತಾರೆ. ಆ ಮೊಪೆಡ್ ಮೇಲೆ ಅವರು ಹೇರದ ವಸ್ತುವಿಲ್ಲ. ಔಷಧದ ಕ್ಯಾನ್, ಡ್ರಿಪ್ ಪೈಪಿನ ಸುರುಳಿ, ಗೊಬ್ಬರದ ಚೀಲ, ಒಮ್ಮೆ ಒಂದು ಆಡಿನ ಮರಿ. ಹಿಂದಿನ ಕ್ಯಾರಿಯರ್ ನಾಲ್ಕೈದು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಸೀಳ್ತಿತ್ತು. ಅಷ್ಟು ಭಾರಕ್ಕೆ ಸೀಳದೆ ಇನ್ನೇನು.

ಸೀಳಿದಾಗೆಲ್ಲ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಕು. ಕಬ್ಬಿನ ಸೀಜನ್ ಇದ್ದರೆ ಅಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳ ಸಾಲು. ಎರಡು ನಿಮಿಷದ ಬೆಸುಗೆಗೆ ಅರ್ಧ ದಿನ ಕಾಯಬೇಕು. ನನಗೋ ಮೊಬೈಲ್ ತುಂಬ ವೆಲ್ಡಿಂಗ್ ರೀಲ್ಸ್. ಕಪ್ಪು ಹೆಲ್ಮೆಟ್ ಹಾಕಿದ ಹುಡುಗಿ ಒಂದು ಗೆರೆ ಎಳೀತಾಳೆ, ಸ್ಲ್ಯಾಗ್ ತಾನಾಗಿ ಸುರುಳಿ ಸುತ್ತಿ ಬೀಳುತ್ತೆ, ಕೆಳಗೆ ಬೆಳ್ಳಿ ಗೆಜ್ಜೆಯಂಥ ಬೆಸುಗೆ. ಇಷ್ಟೇ ತಾನೆ ಅನ್ನಿಸಿತು.

ಆನ್‌ಲೈನ್‌ನಲ್ಲಿ 250 ಅಂತ ದೊಡ್ಡದಾಗಿ ಬರೆದ ಒಂದು ಇನ್ವರ್ಟರ್ ಮಷಿನ್ ತರಿಸಿದೆ. ಟಿಫಿನ್ ಕ್ಯಾರಿಯರ್ ಹಿಡಿದಂತೆ ಒಂದೇ ಕೈಯಲ್ಲಿ ಎತ್ತಬಹುದು. ಹಳೆಯ ವೆಲ್ಡಿಂಗ್ ಅಂಗಡಿಗಳಲ್ಲಿರುವ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ನೋಡಿದ್ದೀರಲ್ಲ, ಗಾಲಿ ಇದ್ದರೂ ಇಬ್ಬರು ತಳ್ಳಬೇಕು. ಅದರ ಮುಂದೆ ಇದು ಆಟಿಗೆ ಸಾಮಾನು. ಅವ್ವ ನೋಡಿ, ‘ಮಿಕ್ಸರ್ ತರಿಸಿಯೇನ?’ ಅಂದಳು.

ತಾರಸಿ ಮೇಲೆ ಕೆಲಸ. ಅಲ್ಲಿ ಪ್ಲಗ್ ಇಲ್ಲ. ವಾಷಿಂಗ್ ಮಷಿನ್ ಇರುವ ಕಡೆಯಿಂದ 20 ಮೀಟರ್ ಎಕ್ಸ್‌ಟೆನ್ಷನ್ ವೈರ್ ಎಳೆದೆ. ದೀಪಾವಳಿಗೆ ಲೈಟಿನ ಸರ ಹಚ್ಚಲು ತಂದಿದ್ದ ಸಣ್ಣ ವೈರು. 120ಕ್ಕೆ ಇಟ್ಟು ಕಡ್ಡಿ ಮುಟ್ಟಿಸಿದೆ. ಟಪ್ ಅಂತ ಎಂಸಿಬಿ ಬಿತ್ತು. ಕೆಳಗೆ ಅವ್ವನ ಧಾರಾವಾಹಿ ಬಂದ್. 100ಕ್ಕೆ ಇಳಿಸಿದೆ, ಮತ್ತೆ ಬಿತ್ತು. ಇಳಿಸ್ತಾ ಇಳಿಸ್ತಾ 50ಕ್ಕೆ ಬಂದಾಗ ಎಂಸಿಬಿ ಸುಮ್ಮನಾಯಿತು. ಕಡ್ಡಿ ಮಾತ್ರ ಪದೇ ಪದೇ ಅಂಟಿಕೊಳ್ತಿತ್ತು. ಹೇಗೋ ಕ್ಯಾರಿಯರ್ ಸೀಳಿನ ಮೇಲೆ ಒಂದು ಗೆರೆ ಕೂರಿಸಿದೆ. ಬ್ರಷ್ ಹಾಕಿ ತಿಕ್ಕಿದರೆ ಹೊಳೀತಿತ್ತು. ಫೋಟೋ ತೆಗೆದು ಇನ್‌ಸ್ಟಾಗೆ ಹಾಕಿದೆ. ಕಪ್ಪು ಬಣ್ಣ ಬಳಿದು ಗಾಡಿ ಅಪ್ಪನಿಗೆ ಕೊಟ್ಟೆ.

ಹನ್ನೊಂದು ದಿನ ನಡೀತು.

ಹನ್ನೆರಡನೇ ದಿನ, ತೊರವಿ ದಾಟಿದ ಮೇಲೆ, 25 ಲೀಟರಿನ ಕ್ಯಾನ್ ಹೊತ್ತ ಕ್ಯಾರಿಯರ್ ಒಂದು ಬದಿಗೆ ಕಳಚಿ ಹಿಂದಿನ ಗಾಲಿಗೆ ಬಡಿಯಿತು. ಗಾಡಿ ಅಡ್ಡ ಬಿತ್ತು. ಹಿಂದೆ ಲಾರಿ ಇರಲಿಲ್ಲ, ಅಷ್ಟೇ ನಮ್ಮ ಪುಣ್ಯ. ಅಪ್ಪನ ಬಲಗೈ ಮಣಿಕಟ್ಟಿನ ಎಲುಬು ಸೀಳಿತ್ತು. ಪ್ಲಾಸ್ಟರ್ ಹಾಕಿದರು. ಅದು ಅಕ್ಟೋಬರ್ ತಿಂಗಳು, ದ್ರಾಕ್ಷಿ ಚಾಟ್ನಿ ಮಾಡುವ ಹೊತ್ತು. ಆ ವರ್ಷದ ಬೆಳೆ ನಿಲ್ಲೋದೇ ಆ ಕತ್ತರಿ ಕೆಲಸದ ಮೇಲೆ. ಯಾವ ಕಡ್ಡಿಗೆ ಎಷ್ಟು ಕಣ್ಣು ಬಿಡಬೇಕು ಅಂತ ಅಪ್ಪ ಪ್ಲಾಸ್ಟರ್ ಕೈ ಕೊರಳಿಗೆ ಕಟ್ಟಿಕೊಂಡು ಆಳುಗಳಿಗೆ ಎಡಗೈಯಲ್ಲಿ ತೋರಿಸುತ್ತ ನಿಂತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ‘ಬಿದ್ದದ್ದು ಬಿದ್ದೆ, ಕ್ಯಾನ್ ಒಡೀಲಿಲ್ಲಲ್ಲ’ ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವ್ವ ಬೈದಳು: ‘ಆ ಬೆಂಕಿ ಪೆಟ್ಟಿಗಿ ಮೊದ್ಲ ಹೊರಗ ಹಾಕು!’

ದಿನವಿಡೀ ಟೆಸ್ಟಿಂಗ್ ಮಾಡುವವಳು, ಒಂದು ಬೆಸುಗೆಯನ್ನು ಒಮ್ಮೆಯೂ ಸುತ್ತಿಗೆಯಿಂದ ಹೊಡೆದು ನೋಡದೆ ಅಪ್ಪನ ಬೆನ್ನ ಹಿಂದೆ 25 ಕಿಲೋ ಕೂರಿಸಿದ್ದೆ.

ಮುರಿದ ಕ್ಯಾರಿಯರ್ ಹಿಡಿದುಕೊಂಡು ನಾವು ಮೊದಲಿನಿಂದ ಹೋಗುವ ವೆಲ್ಡಿಂಗ್ ಅಂಗಡಿಯ ಚಾಚಾ ಹತ್ತಿರ ಹೋದೆ. ಅವರು ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಬೆಸುಗೆ ಇಡಿಯಾಗಿ ಒಂದು ಪಟ್ಟಿಯ ಹಾಗೆ ಎದ್ದು ಬಂದಿತ್ತು. ಅದರ ಕೆಳಗೆ ಪೈಪಿನ ಹಳೆಯ ಬಣ್ಣ ಹಾಗೇ ಇತ್ತು.

‘ನೋಡ್ ಬೇಟಿ, ಇದು ಕೂಡಿಲ್ಲ. ಮ್ಯಾಲ ಮಲಗೇತಿ ಅಷ್ಟ. ಬಣ್ಣದ ಮ್ಯಾಲ ಹಾಕಿದ್ರ ಬಣ್ಣಕ್ಕ ಹತ್ತತೈತಿ, ಪೈಪಿಗೆ ಹತ್ತಂಗಿಲ್ಲ. ಎಷ್ಟಕ್ಕ ಇಟ್ಟಿದ್ದಿ?’

‘ಐವತ್ತಕ್ಕ, ಚಾಚಾ.’

‘ಕಡ್ಡಿ?’

‘ಎರಡೂವರಿ.’

‘ಎರಡೂವರಿ ಕಡ್ಡಿಗೆ ಐವತ್ತ ಎಲ್ಲಿ ಸಾಲತೈತಿ? ನಿನ್ನ ಮಷಿನ್ ದೊಡ್ಡದು ಅಂದಿ?’

ಮಷಿನ್ ದೊಡ್ಡದೇ. ಪ್ಲಗ್ ಸಣ್ಣದು. ಈ ಒಂದು ವಿಷಯ ಖರೀದಿಗೆ ಮೊದಲು ಯಾರಾದರೂ ಹೇಳಿದ್ದರೆ ಸಾಕಿತ್ತು. ಅದಕ್ಕೇ ಇಲ್ಲಿ ಬಿಡಿಸಿ ಹೇಳ್ತೀನಿ, ಸ್ವಲ್ಪ ಲೆಕ್ಕ ಬರುತ್ತೆ, ಸಹಿಸಿಕೊಳ್ಳಿ.

ಗೀಜರ್, ಎಸಿಗೆ ಇರುವ ದಪ್ಪ ಪಿನ್ನಿನ ಪ್ಲಗ್ 16 ಆಂಪ್ಸಿನದು. 230 ವೋಲ್ಟಿಗೆ ಗುಣಿಸಿದರೆ 3,680. ಅದೇ ಅದರ ಮಿತಿ. ಈಗ ಕಡ್ಡಿಯ ತುದಿಗೆ ಬನ್ನಿ. 80 ಆಂಪ್ಸ್‌ನಲ್ಲಿ ಬೆಸುಗೆ ಹಾಕುವಾಗ ಅಲ್ಲಿ ಇರೋದು ಸುಮಾರು 23 ವೋಲ್ಟ್. ಗುಣಿಸಿದರೆ 1,840 ವ್ಯಾಟ್. ಮಷಿನ್ ಒಳಗೆ ಬಿಸಿಯಾಗಿ ಹೋಗೋದು, ಅಗ್ಗದ ಇನ್ವರ್ಟರ್‌ಗಳ ಪವರ್ ಫ್ಯಾಕ್ಟರ್ ಕಡಿಮೆ ಇರೋದು ಎರಡನ್ನೂ ಸೇರಿಸಿದರೆ ಗೋಡೆಯಿಂದ ಎಳೆಯೋದು 13–14 ಆಂಪ್ಸ್. ಅಂದರೆ 80ರವರೆಗೆ ದಪ್ಪ ಪಿನ್ನಿನ ಪ್ಲಗ್ ತಡೆದುಕೊಳ್ಳುತ್ತೆ. 100ಕ್ಕೆ ಏರಿಸಿದರೆ 17 ದಾಟುತ್ತೆ. ಡಬ್ಬದ ಮೇಲೆ ಬರೆದ 200 ನಿಜವಾಗಿಯೂ ಬೇಕೆಂದರೆ ಗೋಡೆಯಿಂದ 40 ಆಂಪ್ಸ್ ಬೇಕು. ಅದು ಮನೆ ಪ್ಲಗ್ಗಿನಿಂದ ಆಗುವ ಮಾತಲ್ಲ. ನಮ್ಮ ವಾಷಿಂಗ್ ಮಷಿನ್ ಪ್ಲಗ್ಗಿಗೆ ಇದ್ದದ್ದು 10 ಆಂಪ್ಸಿನ ಎಂಸಿಬಿ. ಹಾಗಾಗಿ 250ರ ಮಷಿನ್ ತಂದು 50ರಲ್ಲಿ ಓಡಿಸಿದೆ.

ಆದ್ದರಿಂದ 200, 250, 300 ಅನ್ನುವ ಆ ಜಗಳ ಮನೆಯಲ್ಲಿ ಬಳಸುವವರಿಗೆ ಸಂಬಂಧವೇ ಇಲ್ಲದ್ದು. ನಿಮ್ಮ ಮನೆಯಲ್ಲಿ ಅವೆಲ್ಲ 80–90ರ ಮಷಿನ್‌ಗಳೇ.

ಖುಷಿಯ ವಿಷಯ ಏನಂದರೆ ಗಾಡಿಯ ಸಣ್ಣಪುಟ್ಟ ಕೆಲಸಕ್ಕೆ ಬೇಕಾಗೋದೂ ಅಷ್ಟೇ. 2.5 ಮಿ.ಮೀ. ಕಡ್ಡಿಗೆ (ಅಂಗಡಿಯಲ್ಲಿ 12 ನಂಬರ್ ಅಂತಾರೆ) 60ರಿಂದ 90 ಆಂಪ್ಸ್. 2 ಮಿ.ಮೀ. ಕಡ್ಡಿಗೆ 40ರಿಂದ 60. ಕ್ಯಾರಿಯರ್, ಸೈಡ್ ಸ್ಟ್ಯಾಂಡಿನ ತುಂಡು, ಸೈಲೆನ್ಸರ್ ಹಿಡಿಯುವ ಪಟ್ಟಿ, ಲೇಡೀಸ್ ಫುಟ್‌ರೆಸ್ಟ್, ಗಾರ್ಡ್ ಎಲ್ಲ ಈ ಎರಡು ಕಡ್ಡಿಗಳಲ್ಲಿ ಮುಗಿಯುತ್ತೆ. 3.15ರ 10 ನಂಬರ್ ಕಡ್ಡಿ ಗೇಟು, ಟ್ರೇಲರ್‌ನವರಿಗೆ. ಅದಕ್ಕೆ 90ರಿಂದ ಮೇಲೆ ಬೇಕು, ನೀವು ಅದರ ತಂಟೆಗೆ ಹೋಗಬೇಡಿ.

ಹಾಗಾಗಿ ನನ್ನ ತಮ್ಮನಿಗೆ ಮೊದಲು ಕೇಳಿದ್ದು, ‘ನಿಮ್ಮನ್ಯಾಗ ದಪ್ಪ ಪಿನ್ನಿನ ಪ್ಲಗ್ ಎಲ್ಲೈತಿ? ಅದಕ್ಕ ಬಂದ ವೈರ್ ಎಷ್ಟರದ್ದು?’ ಅವನಿಗೆ ಸಿಟ್ಟು ಬಂತು. ‘ಮಷಿನ್ ಕೇಳಿದ್ರ ಪ್ಲಗ್ ಕೇಳ್ತಿಯಲ್ಲ.’

ನಾವು ಆಮೇಲೆ ಮಾಡಿಸಿದ್ದು ಇಷ್ಟು: ಮೀಟರ್ ಬೋರ್ಡಿನಿಂದ ತಾರಸಿಯ ಮೆಟ್ಟಿಲವರೆಗೆ 4 ಚದರ ಮಿ.ಮೀ. ತಾಮ್ರದ ವೈರು, ಅದಕ್ಕೇ ಅಂತ ಬೇರೆ 16 ಆಂಪ್ಸಿನ ಎಂಸಿಬಿ, ಗಟ್ಟಿ ಅರ್ಥಿಂಗ್. ಎಕ್ಸ್‌ಟೆನ್ಷನ್ ಬೇಕಾದರೆ 2.5 ಚದರ ಮಿ.ಮೀ.ಗಿಂತ ಕಡಿಮೆ ಬೇಡ. ಸುರುಳಿ ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ವೈರು ಒಳಗೊಳಗೇ ಕಾಯುತ್ತೆ. ಎಂಸಿಬಿ ಬೀಳುತ್ತೆ ಅಂತ ಅದನ್ನೇ ದೊಡ್ಡದು ಹಾಕಿಸೋ ಬುದ್ಧಿವಂತಿಕೆ ಮಾತ್ರ ಬೇಡ. ಆಗ ಎಂಸಿಬಿ ಬೀಳೋದಿಲ್ಲ, ಗೋಡೆಯೊಳಗಿನ ವೈರು ಸುಡುತ್ತೆ. ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತೆ, ಅದನ್ನೂ ನೋಡಿಕೊಳ್ಳಿ. ನಮ್ಮದು 2 ಕಿಲೋವ್ಯಾಟ್ ಇತ್ತು, ಅರ್ಜಿ ಕೊಟ್ಟು ಹೆಚ್ಚಿಸಿಕೊಂಡೆವು.

ಇನ್ನು ಮಷಿನ್ ಹಿಂದೆ ಅಂಟಿಸಿದ ಚೀಟಿ. ಜಾಹೀರಾತು ಓದಬೇಡಿ, ಈ ಚೀಟಿ ಓದಿ. ಅದರಲ್ಲಿ ‘ಐ 1 ಇಎಫ್ಎಫ್’ ಅಂತ ಒಂದು ಅಂಕಿ ಇರುತ್ತೆ. ಮಷಿನ್ ಪೂರ್ತಿ ದುಡಿಯುವಾಗ ಗೋಡೆಯಿಂದ ಸರಾಸರಿ ಎಷ್ಟು ಎಳೆಯುತ್ತೆ ಅನ್ನೋದು ಅದು. ‘ಎಕ್ಸ್’ ಅಂದರೆ ಡ್ಯೂಟಿ ಸೈಕಲ್. 60 ಪರ್ಸೆಂಟ್ ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸುಗೆ, ನಾಲ್ಕು ನಿಮಿಷ ವಿಶ್ರಾಂತಿ. ಎಷ್ಟು ಆಂಪ್ಸ್‌ನಲ್ಲಿ 60 ಅನ್ನೋದನ್ನೂ ಬರೆದಿರಬೇಕು. ಈ ಲೆಕ್ಕವನ್ನು 40 ಡಿಗ್ರಿ ಬಿಸಿಯಲ್ಲಿ ಮಾಡಬೇಕು ಅಂತ ನಿಯಮ, ಆದರೆ ಕೆಲವು ಅಗ್ಗದ ಮಷಿನ್‌ಗಳ ಚೀಟಿಯಲ್ಲಿ 25 ಡಿಗ್ರಿ ಅಂತಿರುತ್ತೆ. ನಮ್ಮ ವಿಜಯಪುರದ ಏಪ್ರಿಲ್–ಮೇ ತಿಂಗಳಲ್ಲಿ, ತಾರಸಿ ಮೇಲೆ, 25 ಡಿಗ್ರಿ ಎಲ್ಲಿಂದ ತರೋಣ? ಆ ದಿನಗಳಲ್ಲಿ ನಾನು ಬೆಳಿಗ್ಗೆ ಎಂಟರೊಳಗೆ ಕೆಲಸ ಮುಗಿಸಿಬಿಡ್ತೀನಿ. ಇಂಥ ಚೀಟಿಯೇ ಇಲ್ಲದ, ಬರೀ ಹೆಸರು ಮಾತ್ರ ಇರುವ ಮಷಿನ್ ಆದರೆ ಮುಂದೆ ಹೋಗಿ. ನನ್ನ ಮಷಿನ್‌ಗೂ ಚೀಟಿ ಇರಲಿಲ್ಲ. ಅದು ಇನ್ನೂ ನಡೀತಿದೆ, ಆದರೆ ಮತ್ತೊಮ್ಮೆ ತಗೊಂಡರೆ ಊರಲ್ಲೇ ಸರ್ವಿಸ್ ಸಿಗುವ, ಬಿಲ್ ಕೊಡುವ ಅಂಗಡಿಯಿಂದ ತಗೋತೀನಿ.

ಹಾಟ್ ಸ್ಟಾರ್ಟ್, ಆಂಟಿ ಸ್ಟಿಕ್ ಅಂತ ಎರಡು ಸೌಲಭ್ಯ ಕೇಳಿ ನೋಡಿ. ಕಡ್ಡಿ ಹೊತ್ತುವಾಗ ಒಂದು ಕ್ಷಣ ಕರೆಂಟ್ ಜಾಸ್ತಿ ಕೊಡೋದು ಮೊದಲನೆಯದು, ಅಂಟಿದಾಗ ತಾನೇ ಕರೆಂಟ್ ಇಳಿಸೋದು ಎರಡನೆಯದು. ಕಲಿಯುವವರಿಗೆ ಇವು ನಿಜಕ್ಕೂ ಉಪಯೋಗ. ಉಳಿದ ಡಿಸ್‌ಪ್ಲೇ, ಬಣ್ಣ ಎಲ್ಲ ಶೋಕಿ.

‘ಕಡ್ಡಿ ಮಷಿನ್ ಹಳೇ ಕಾಲದ್ದು, ಮಿಗ್ ತಗೋ’ ಅಂತ ಹೇಳುವವರೂ ಸಿಗ್ತಾರೆ. ಅದರಲ್ಲಿ ಅರ್ಧ ಸತ್ಯ ಇದೆ. ನಿರ್ಧಾರ ಮಾಡಬೇಕಾದ್ದು ನಿಮ್ಮ ಗಾಡಿಯ ತಗಡಿನ ದಪ್ಪ. ನಾನು ವರ್ನಿಯರ್ ಹಿಡಿದು ಅಳೆದೆ: ಅಪ್ಪನ ಕ್ಯಾರಿಯರ್ ಪೈಪಿನ ಗೋಡೆ 1.5 ಮಿ.ಮೀ., ಸ್ಟ್ಯಾಂಡಿನ ಪಟ್ಟಿ 3 ಮಿ.ಮೀ. ಇವಕ್ಕೆ ಕಡ್ಡಿ ಮಷಿನ್ ಧಾರಾಳ ಸಾಕು. ಕಾರಿನ ಬಾಡಿ ತಗಡು ಮಾತ್ರ ಬೇರೆ ಜಾತಿ, 0.7–0.9 ಮಿ.ಮೀ. ಅದಕ್ಕೆ ಕಡ್ಡಿ ಮುಟ್ಟಿಸಿದರೆ ತೂತು. ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡ ತೂತು. ಗ್ಯಾಸ್ ಸಿಲಿಂಡರ್ ಇರುವ ಮಿಗ್ ಅದಕ್ಕೆ ಸರಿಯಾದ ಮಷಿನ್. ಆದರೆ ಸಿಲಿಂಡರ್, ರೆಗ್ಯುಲೇಟರ್, ತುಂಬಿಸೋ ಓಡಾಟ ಎಲ್ಲ ಬರುತ್ತೆ. ಜೊತೆಗೆ ನಮ್ಮೂರಿನ ಗಾಳಿ. ತಾರಸಿ ಮೇಲೆ ಬೀಸುವ ಗಾಳಿ ಆ ಗ್ಯಾಸನ್ನು ಹಾರಿಸಿಕೊಂಡು ಹೋದರೆ ಬೆಸುಗೆ ಬೆಂಡಿನಂತೆ ತೂತು ತೂತಾಗುತ್ತೆ. ಗ್ಯಾಸ್ ಬೇಡದ ಮಿಗ್ ಅಂತ ಇನ್ನೊಂದು ಬರುತ್ತೆ. ತಂತಿಯ ಹೊಟ್ಟೆಯಲ್ಲೇ ಫ್ಲಕ್ಸ್ ಇರುತ್ತೆ, ಗಾಳಿಗೆ ಹೆದರೋದಿಲ್ಲ. ಹೊಗೆ, ಕಿಡಿ ಜಾಸ್ತಿ. ತಂತಿಯ ಬೆಲೆಯೂ ಜಾಸ್ತಿ. ಅದನ್ನು ತಗೊಂಡರೆ ಟಾರ್ಚನ್ನು ಮೈನಸ್‌ಗೆ ಹಾಕಬೇಕು ಅನ್ನೋದು ನೆನಪಿರಲಿ. ಎಷ್ಟೋ ಜನ ಪ್ಲಸ್‌ಗೆ ಹಾಕಿ ಮಷಿನ್ನಿಗೆ ಬೈತಾರೆ. ಟಿಗ್ ಬಗ್ಗೆ ನಾನು ಬರೆಯೋದಿಲ್ಲ. ಅದು ಚಂದ, ಆದರೆ ಮೊದಲ ಮಷಿನ್ ಅಲ್ಲ.

ತಮ್ಮನ ಕೆಲಸ ಏನು ಅಂತ ಕೇಳಿದರೆ, ಅವನ ಹದಿನೈದು ವರ್ಷದ ವ್ಯಾನಿನ ನೆಲ ತುಕ್ಕು ಹಿಡಿದು ರಸ್ತೆ ಕಾಣ್ತದಂತೆ. ಅಂದರೆ ತೆಳು ತಗಡು, ಅದೂ ತುಕ್ಕು ತಿಂದದ್ದು. ಅವನು ನೋಡಿಟ್ಟ ಮೂರೂ ಮಷಿನ್ ಆ ಕೆಲಸಕ್ಕೆ ಬರೋದಿಲ್ಲ.

ಕಡ್ಡಿಯ ಬಗ್ಗೆ ಒಂದು ಮಾತು. ಮೇಲಿನ ಆ ಬೂದು ಲೇಪ ಸುಮ್ಮನೆ ಅಲ್ಲ. ಉರಿಯುವಾಗ ಅದು ಗ್ಯಾಸಾಗಿ ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುತ್ತೆ, ಆಮೇಲೆ ಸ್ಲ್ಯಾಗ್ ಆಗಿ ಮೇಲೆ ಹೊದಿಕೆ ಹಾಕುತ್ತೆ. ಇದನ್ನು ತಂದವನು ಸ್ವೀಡನ್ನಿನ ಆಸ್ಕರ್ ಶೆಲ್ಬೆರ್ಗ್. ಹಡಗಿನ ಬಾಯ್ಲರ್‌ಗಳ ಸೀಳು ರಿಪೇರಿ ಮಾಡುತ್ತ ಇದಕ್ಕೆ ಕೈ ಹಚ್ಚಿದವನು. ಇಸಾಬ್ ಕಂಪನಿಯನ್ನು 1904ರಲ್ಲಿ ಶುರು ಮಾಡಿದವನೂ ಅವನೇ. ನಮ್ಮಂಥವರಿಗೆ ಬೇಕಾದ ಕಡ್ಡಿ 6013. ಪೊಟ್ಟಣದ ಮೇಲೆ ಐಎಸ್ 814 ಅಂತ ಇದೆಯಾ ನೋಡಿ. ಮಳೆಗಾಲದಲ್ಲಿ ಲೇಪಕ್ಕೆ ತೇವ ಕೂತರೆ ಚಟಪಟ ಸಿಡಿಯುತ್ತೆ. ನಾನು ಮುಚ್ಚಳ ಗಟ್ಟಿ ಇರುವ ಹಳೆಯ ಡಬ್ಬಿಯೊಳಗೆ ಇಡ್ತೀನಿ. ಅವ್ವನ ಚಕ್ಕುಲಿ ಡಬ್ಬಿ ಅದು, ಅವಳಿಗೆ ಇನ್ನೂ ಗೊತ್ತಿಲ್ಲ.

ಬಜೆಟ್ ಹತ್ತು ಸಾವಿರ ಇದ್ದರೆ ಹತ್ತು ಸಾವಿರದ ಮಷಿನ್ ತರಬೇಡಿ. ಅರ್ಧಕ್ಕಿಂತ ಸ್ವಲ್ಪ ಮೇಲೆ ಮಷಿನ್ನಿಗೆ, ಉಳಿದದ್ದು ಮೈಗೆ. ತಾನೇ ಕಪ್ಪಾಗುವ ಗಾಜಿನ ಹೆಲ್ಮೆಟ್, ಉದ್ದ ತೊಗಲಿನ ಕೈಗವಸು, ಏಪ್ರನ್, ಮುಚ್ಚಿದ ಬೂಟು. ಕೋನ ಗ್ರೈಂಡರ್ ಬೇಕೇ ಬೇಕು, ಬಣ್ಣ ತುಕ್ಕು ತೆಗೆದು ಲೋಹ ಬೆಳ್ಳಗೆ ಮಾಡದೆ ಬೆಸುಗೆ ಇಲ್ಲ. ಮೈಮೇಲೆ ಹತ್ತಿ ಬಟ್ಟೆ ಇರಲಿ. ನೈಲಾನ್ ಮೇಲೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೇ ಅಂಟುತ್ತೆ.

ನಾನು ಮೊದಲ ದಿನಗಳಲ್ಲಿ ಮಷಿನ್ ಜೊತೆ ಪುಗಸಟ್ಟೆ ಬಂದ ಕಪ್ಪು ಗಾಜನ್ನು ಕೈಯಲ್ಲಿ ಹಿಡಿದು ಕೆಲಸ ಮಾಡ್ತಿದ್ದೆ. ಕಡ್ಡಿ ಎಲ್ಲಿ ಮುಟ್ಟಿಸಬೇಕು ಅಂತ ಕಾಣಲು ಗಾಜು ಸರಿಸಿ, ಕಣ್ಣು ಕಿರಿದು ಮಾಡಿ ಮುಟ್ಟಿಸೋದು. ಆಗ ಏನೂ ಅನ್ನಿಸಲಿಲ್ಲ. ರಾತ್ರಿ ಒಂದು ಗಂಟೆಗೆ ಎರಡೂ ಕಣ್ಣಲ್ಲಿ ಉಸುಕು ಸುರಿದಂತೆ. ನೀರು ಧಾರಾಕಾರ. ಅವ್ವ ಬಟಾಟಿ ಹೋಳು ಕಟ್ಟಿದಳು. ತಣ್ಣಗಾಯಿತೇ ಹೊರತು ನೋವು ಹೋಗಲಿಲ್ಲ. ಬೆಳಿಗ್ಗೆ ಕಣ್ಣಿನ ಡಾಕ್ಟರ್ ನೋಡಿ, ಇದು ಕಣ್ಣಿನ ಪಾರದರ್ಶಕ ಪೊರೆ ಬಿಸಿಲಿಗೆ ಸುಟ್ಟಂತೆ ಸುಟ್ಟದ್ದು, ಒಂದೆರಡು ದಿನದಲ್ಲಿ ವಾಸಿಯಾಗುತ್ತೆ ಅಂತ ಹನಿ ಕೊಟ್ಟರು. ಪಕ್ಕದ ಮನೆಯ ಹುಡುಗರು ಆ ದಿನ ಕಾಂಪೌಂಡ್ ಗೋಡೆ ಹತ್ತಿ ನೋಡ್ತಿದ್ದರು ಅನ್ನೋದು ನೆನಪಾಗಿ ನನ್ನ ಕಣ್ಣಿಗಿಂತ ಹೆಚ್ಚು ಹೆದರಿಕೆಯಾಯಿತು. ಈಗ ಸುತ್ತ ದಪ್ಪ ಗೋಣಿತಟ್ಟು ಇಳಿಬಿಟ್ಟು, ನೀರಿನ ಬಕೆಟ್ ಪಕ್ಕಕ್ಕಿಟ್ಟುಕೊಂಡೇ ಮಷಿನ್ ಚಾಲೂ ಮಾಡೋದು.

ಪ್ಲಾಸ್ಟರ್ ಇದ್ದ ಆ ದಿನಗಳಲ್ಲಿ ನಾನು ಚಾಚಾ ಅಂಗಡಿಗೆ ನಾಲ್ಕು ಭಾನುವಾರ ಹೋದೆ. ಬೆಸುಗೆ ಕಲಿಸಿದ್ದಕ್ಕಿಂತ ಎಲ್ಲಿ ಹಾಕಬಾರದು ಅನ್ನೋದನ್ನು ಅವರು ಹೆಚ್ಚು ಕಲಿಸಿದರು. ಪೆಟ್ರೋಲ್ ಟ್ಯಾಂಕ್ ಮೊದಲನೆಯದು. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಇರೋದು ಆವಿ ಮತ್ತು ಗಾಳಿ. ಒಬ್ಬ ಗಿರಾಕಿ ನನ್ನೆದುರಿಗೇ ‘ತೊಳದೀನ್ರಿ, ವಾಸನಿ ಇಲ್ಲ’ ಅಂತ ಟ್ಯಾಂಕ್ ತಂದಿದ್ದ. ಚಾಚಾ ಅದನ್ನು ಅಂಗಡಿಯ ಮೆಟ್ಟಿಲ ಮೇಲೂ ಇಡಗೊಡಲಿಲ್ಲ. ಬ್ರೇಕಿನ ಯಾವ ಭಾಗವೂ ಬೇಡ, ಹ್ಯಾಂಡಲ್ ಬೇಡ, ಫೋರ್ಕ್, ಸ್ವಿಂಗ್ ಆರ್ಮ್ ಬೇಡ, ಚಾಸಿಸ್ ಸೀಳಿದರೆ ಬೇಡ. ಅಲಾಯ್ ವೀಲ್ ಬೇಡ. ಬಿಳಿ ಜಸ್ತದ ಲೇಪ ಇರುವ ಪೈಪು ಬಂದರೆ ಮೊದಲು ಲೇಪ ಉಜ್ಜಿ ತೆಗೀಬೇಕು. ಅದರ ಹೊಗೆ ಕುಡಿದರೆ ಸಂಜೆಗೆ ಚಳಿ ಜ್ವರ. ಹಾಲು ಕುಡಿದರೆ ಸರಿ ಹೋಗುತ್ತೆ ಅನ್ನೋದು ಸುಳ್ಳು. ಕಾರಾದರೆ ಬ್ಯಾಟರಿಯ ಮೈನಸ್ ಬಿಚ್ಚಿದ ಮೇಲೇ ಕೆಲಸ. ಅರ್ಥ್ ಕ್ಲಾಂಪನ್ನು ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಹಿಡಿಸಬೇಕು. ದೂರ ಹಾಕಿದರೆ ಕರೆಂಟು ಗಾಲಿಯ ಬೇರಿಂಗ್ ಒಳಗಿಂದ ದಾರಿ ಮಾಡಿಕೊಳ್ಳುತ್ತೆ.

ಇಂಜಿನ್ ಕೇಸಿನ ಸೀಳು ಹಾಕಬಹುದಾ ಅಂತ ಒಮ್ಮೆ ಕೇಳಿದೆ.

‘ನಮ್ಮ ಮಲಿಕ್-ಎ-ಮೈದಾನ್ ತೋಪು ಯಾವುದರದ್ದು?’ ಅಂತ ತಿರುಗಿ ಕೇಳಿದರು.

‘ಪಂಚಲೋಹ ಅಂತಾರಲ್ಲ, ಚಾಚಾ.’

‘ಎರಕದ್ದು ಬೇಟಿ, ಎರಕದ್ದು. ಎರಕದ ಮಾಲಿಗೆ ನಿನ್ನ ಆರು-ಸಾವಿರದ-ಹದಿಮೂರು ಹಚ್ಚಬ್ಯಾಡ. ಅದು ಬ್ಯಾರೆ ವಿದ್ಯೆ.’

ಮನೆಗೆ ಬಂದು ಓದಿದೆ. ತೋಪು ಎರಕ ಹೊಯ್ದದ್ದು 1549ರಲ್ಲಿ, ಅಹ್ಮದನಗರದಲ್ಲಿ. ತಾಮ್ರ–ತವರ ಕೂಡಿದ ಗಂಟೆಯ ಲೋಹ, ಸುಮಾರು 55 ಟನ್. ಗಾಡಿಯ ಇಂಜಿನ್ ಕೇಸು ಅಲ್ಯೂಮಿನಿಯಂ ಎರಕ. ಎರಡೂ ನಮ್ಮ ಮನೆ ಕಡ್ಡಿಗೆ ಬಗ್ಗುವಂಥವಲ್ಲ.

ಇನ್ನೊಂದು, ಗಾಡಿ ಉದ್ದ ಮಾಡೋದು, ಸೀಟ್ ಹೆಚ್ಚಿಸೋದು ಇಂಥ ಆಸೆ ಇದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿ. ಆರ್‌ಸಿಯಲ್ಲಿರುವ, ಕಂಪನಿ ಹೇಳಿದ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವ ಹಾಗಿಲ್ಲ.

ಅಂಗಡಿಯಲ್ಲಿ ಚಾಚಾ ನನ್ನಿಂದ ಗಾಡಿ ಮುಟ್ಟಿಸಲೇ ಇಲ್ಲ. ಗುಜರಿಯಿಂದ ತಂದ 1.5 ಮಿ.ಮೀ. ಪಟ್ಟಿಗಳನ್ನು ಇಂಗ್ಲಿಷಿನ ಟಿ ಆಕಾರದಲ್ಲಿ ನಿಲ್ಲಿಸಿ ಒಂದು ಬದಿಗೆ ಮಾತ್ರ ಬೆಸುಗೆ. ಆರಿದ ಮೇಲೆ ವೈಸಿಗೆ ಕಚ್ಚಿಸಿ, ಬೆಸುಗೆ ಇಲ್ಲದ ಕಡೆಗೆ ಮಡಚಿ ಬೀಳುವ ಹಾಗೆ ಸುತ್ತಿಗೆ ಏಟು. ಪಟ್ಟಿ ಬಾಗಿ ಬೆಸುಗೆ ಹಿಡಿದುಕೊಂಡರೆ ಪಾಸು. ಬೆಸುಗೆ ಸಿಪ್ಪೆಯಂತೆ ಎದ್ದರೆ ಫೇಲು. ಮೊದಲ ಭಾನುವಾರ ಒಂದೂ ನಿಲ್ಲಲಿಲ್ಲ. ಎರಡನೇ ಭಾನುವಾರ ಹನ್ನೊಂದರಲ್ಲಿ ಎರಡು. ಕಿಲೋಗೆ ಸುಮಾರು 50 ಕಡ್ಡಿ ಬರುತ್ತವೆ, ನಾನು ಎರಡು ಕಿಲೋ ಸುಟ್ಟೆ. ಎರಡನೇ ಕಿಲೋ ಮುಗಿಯುವ ಹೊತ್ತಿಗೆ ಕಿವಿಗೆ ಗೊತ್ತಾಗತೊಡಗಿತು. ಆರ್ಕ್ ಸರಿಯಿದ್ದರೆ ಬಾಣಲೆಯಲ್ಲಿ ಬಜ್ಜಿ ಕರಿಯುವ ಸದ್ದು, ಕಡ್ಡಿ ದೂರ ಹೋದರೆ ಫಟ್ ಫಟ್.

ಅಪ್ಪನ ಪ್ಲಾಸ್ಟರ್ ಬಿಚ್ಚಿದ ಮೇಲೆ ಕ್ಯಾರಿಯರ್ ಮತ್ತೆ ಮಾಡಿದೆ. ಈ ಸಲ ಸೀಳಿನ ಮೇಲೆ ಗೆರೆ ಎಳೆಯಲಿಲ್ಲ. ಮೂಲೆಗೆ 3 ಮಿ.ಮೀ. ಪಟ್ಟಿಯ ತ್ರಿಕೋನ ಕೊಟ್ಟು, ಬಣ್ಣ ಪೂರ್ತಿ ಉಜ್ಜಿ, 75ಕ್ಕೆ ಇಟ್ಟು ಹಾಕಿದೆ. ಪೈಪಿನ ಕಡೆ ತೂತು ಬೀಳದಂತೆ ಕಡ್ಡಿಯನ್ನು ಪಟ್ಟಿಯ ಕಡೆಗೇ ಹೆಚ್ಚು ವಾಲಿಸಿ. ಬಣ್ಣ ಬಳಿಯುವ ಮೊದಲು ಚಾಚಾಗೆ ತೋರಿಸಿದೆ. ಅವರು ಉಗುರಿನಿಂದ ಕೆರೆದು, ಕನ್ನಡಕ ಹಣೆಗೇರಿಸಿ ನೋಡಿ, ‘ಚಂದ ಇಲ್ಲ. ಆದ್ರ ಗಟ್ಟಿ ಐತಿ’ ಅಂದರು.

ಅಪ್ಪ ಸ್ಟೋರಿಂದ ದೊಡ್ಡ ಸುತ್ತಿಗೆ ತಂದಿದ್ದರು. ಬಲಗೈ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ. ಎಡಗೈಯಿಂದ ಕ್ಯಾರಿಯರ್ ಮೇಲೆ ಮೂರು ಏಟು ಹಾಕಿದರು. ‘ತಂಗಿ, ನೀ ಹೊಡಿ ಈಗ’ ಅಂತ ನನ್ನ ಕೈಗೆ ಕೊಟ್ಟರು. ಹೊಡೆದೆ. ‘ಇನ್ನ ಜೋರ್’ ಅಂದರು. ಪಕ್ಕದ ಮನೆಯವರು ಹೊರಗೆ ಬಂದು ನೋಡುವವರೆಗೆ ಹೊಡೆದೆ. ಹೋದ ಹಂಗಾಮು ಪೂರ್ತಿ ಆ ಕ್ಯಾರಿಯರ್ ಓಡಿದೆ. ಕ್ಯಾನ್ ಮಾತ್ರ ಈಗ ಎರಡು ಸಲಕ್ಕೆ ಒಯ್ತಾರೆ, ಅರ್ಧ ಅರ್ಧ.

ತಮ್ಮನ ವಿಷಯ ಉಳೀತು. ಅವನಿಗೆ ಬರೆದೆ: ವ್ಯಾನಿನ ನೆಲದ ಕೆಲಸ ಗ್ಯಾಸ್ ಮಿಗ್ ಇರುವ ಬಾಡಿ ಶಾಪಿಗೆ ಕೊಡು, ಮ್ಯಾಟ್ ತೆಗೆದು, ಕೆಳಗೆ ಪೆಟ್ರೋಲ್ ಪೈಪ್ ಎಲ್ಲಿ ಹಾದಿದೆ ಅಂತ ಅವರಿಗೆ ಮೊದಲೇ ತೋರಿಸು. ನಿನಗೆ ಕಲಿಯೋ ಆಸೆ ಇದ್ದರೆ 200ರ ಕಡ್ಡಿ ಮಷಿನ್ ಸಾಕು, ಹಿಂದಿನ ಚೀಟಿಯ ಫೋಟೋ ಕಳಿಸು, ಜಾಹೀರಾತಿನದಲ್ಲ.

ಎರಡು ದಿನ ಉತ್ತರ ಇಲ್ಲ. ನಿನ್ನೆ ರಾತ್ರಿ ಒಂದು ಫೋಟೋ ಬಂತು. ಅವರ ಮನೆ ಗೋಡೆಯ ಪ್ಲಗ್ಗಿನದು. ಕೆಳಗೆ ಬರೆದಿದ್ದ: ‘ಅಕ್ಕಾ, ಇದು ದಪ್ಪ ಪಿನ್ನಿಂದ ಅಲ್ಲೇನ?’

ದಪ್ಪ ಪಿನ್ನಿನದೇ. ಆದರೆ ಅದರ ಒಂದು ಮೂಲೆ ಸುಟ್ಟು ಕಂದಾಗಿತ್ತು. ಮೊದಲು ಎಲೆಕ್ಟ್ರಿಷಿಯನ್‌ನ ಕರೆಸು ಅಂತ ಬರೆದು ಮಲಗಿದೆ.